ಮೂರ್ಛೆಯ ಮಾತ್ರೆ: ನಿಲ್ಲಿಸುವ ಮುನ್ನ ತಿಳಿಯಬೇಕಾದುದು

"ಒಂದು ವರ್ಷದಿಂದ ಮೂರ್ಛೆ ಬಂದಿಲ್ಲ, ಇನ್ನು ಮಾತ್ರೆ ಏತಕ್ಕೆ?" ಮೂರ್ಛೆರೋಗಿಗಳಿರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ. ಜ್ವರ ಇಳಿದ ಮೇಲೆ ಔಷಧ ಬಿಡುವುದು ನಮ್ಮ ರೂಢಿಯಾದುದರಿಂದ ಪ್ರಶ್ನೆ ಸಹಜವೇ ಆಗಿದೆ. ಆದರೆ ಮೂರ್ಛೆಯ ಔಷಧದ ರೀತಿ ಬೇರೆ. ಅದು ರೋಗದ ಬೇರನ್ನು ಕೀಳುವುದಿಲ್ಲ. ಸೆಳೆತ ಏಳದಂತೆ ಮಿದುಳನ್ನು ದಿನದಿನವೂ ಕಾಯುತ್ತದೆ. ಕಳ್ಳ ಬಾರದಿರುವುದು ಕಾವಲುಗಾರನಿಂದ ಎಂಬುದನ್ನು ಮರೆತು ಕಾವಲನ್ನೇ ತೆಗೆದರೆ ಏನಾಗುವುದೋ, ಇಲ್ಲಿಯೂ ಅದೇ ಆಗುತ್ತದೆ.

ಮಿದುಳಿನ ನರಕೋಶಗಳು ಸೂಕ್ಷ್ಮ ವಿದ್ಯುತ್ ಸಂಕೇತಗಳ ಮೂಲಕ ವ್ಯವಹರಿಸುತ್ತವೆ. ಕೋಶದ ಪೊರೆಯಲ್ಲಿರುವ ಕಿರುದ್ವಾರಗಳು ತೆರೆದು ಸೋಡಿಯಂ ಒಳನುಗ್ಗಿದಾಗ ಸಂಕೇತ ಹುಟ್ಟುತ್ತದೆ. ಬಳಿಕ ಆ ದ್ವಾರ ಕ್ಷಣಕಾಲ ಮುಚ್ಚಿಕೊಂಡು ವಿಶ್ರಮಿಸುತ್ತದೆ. ಸೆಳೆತದ ಸಮಯದಲ್ಲಿ ಅಸಂಖ್ಯ ಕೋಶಗಳು ಒಮ್ಮೆಲೇ, ಎಡೆಬಿಡದೆ ಸಂಕೇತ ಹೊಮ್ಮಿಸತೊಡಗುತ್ತವೆ. ಫೆನಿಟಾಯಿನ್, ಕಾರ್ಬಮಜೆಪೈನ್, ಲಾಮೋಟ್ರಿಜಿನ್ ಎಂಬ ಔಷಧಗಳು ದ್ವಾರದ ಆ ವಿಶ್ರಾಂತಿಯನ್ನು ತುಸು ದೀರ್ಘಗೊಳಿಸುತ್ತವೆ. ಇದರ ಸೊಗಸು ಏನೆಂದರೆ, ನಿಧಾನವಾಗಿ ಸಾಗುವ ಸಾಮಾನ್ಯ ಸಂಕೇತಗಳಿಗೆ ಹೆಚ್ಚು ಅಡ್ಡಿಯಾಗದು. ಅತಿವೇಗದ ಸಂಕೇತಗಳಿಗೆ ಮಾತ್ರ ಕಡಿವಾಣ ಬೀಳುತ್ತದೆ. ರೋಗಿಯು ಮಾತ್ರೆ ಸೇವಿಸುತ್ತಲೇ ಓದಬಲ್ಲ, ದುಡಿಯಬಲ್ಲ ಎಂಬುದರ ಗುಟ್ಟು ಬಹುಪಾಲು ಇಲ್ಲಿದೆ.

ಇನ್ನೊಂದು ಮಾರ್ಗವೂ ಉಂಟು. ಮಿದುಳಿನಲ್ಲಿ ಗಾಬಾ ಎಂಬ ಶಾಂತಿಕಾರಕ ರಾಸಾಯನಿಕವಿದೆ. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ವೈದ್ಯರು ಮೂರ್ಛೆಗೆ ಉಪಯುಕ್ತವೆಂದು ಕಂಡುಕೊಂಡ ಫಿನೋಬಾರ್ಬಿಟಾಲ್ ಹಾಗೂ ಈಚಿನ ಕ್ಲೋಬಜಾಮ್ ಗಾಬಾದ ಬಲವನ್ನು ಹೆಚ್ಚಿಸುತ್ತವೆ. ಲೆವೆಟಿರಾಸಿಟಾಮ್ ಮತ್ತೊಂದು ಬಗೆಯದು. ಕೋಶದಿಂದ ಕೋಶಕ್ಕೆ ಸಂದೇಶವೊಯ್ಯುವ ಕಿರುಚೀಲಗಳ ಮೇಲಿನ ಒಂದು ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ. ಮೂರ್ಛೆಯ ಬಗೆಗೆ ತಕ್ಕಂತೆ ಔಷಧ. ಕ್ಷಣಕಾಲ ಮಂಕಾಗಿ ಶೂನ್ಯವನ್ನು ನೋಡುವ ಮಕ್ಕಳ ಮೂರ್ಛೆಗೆ ಕಾರ್ಬಮಜೆಪೈನ್ ಕೊಟ್ಟರೆ ರೋಗ ಉಲ್ಬಣಿಸಬಹುದು. ನೆರೆಮನೆಯವರಿಗೆ ಗುಣ ಕಂಡ ಮಾತ್ರೆಯನ್ನು ತಂದು ಕೊಡಬಾರದೆಂಬುದು ಇದಕ್ಕಾಗಿಯೇ.

ನಮ್ಮ ನಾಡಿಗೆ ಸಂಬಂಧಿಸಿದ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ತಲೆಯ ಮೇಲೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಮೂರ್ಛೆಯೊಂದುಂಟು. ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಹಳೆಯ ಮೈಸೂರು ಸೀಮೆಯಲ್ಲಿ, ಇದು ಹೆಚ್ಚಾಗಿ ಕಂಡುಬಂದಿದ್ದು, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ವಿಶೇಷವಾಗಿ ಅಧ್ಯಯನ ಮಾಡಿದ್ದಾರೆ. ನೀರಿನ ಬಿಸಿಯನ್ನು ತಗ್ಗಿಸುವುದೇ ಮೊದಲ ಉಪಾಯ. ಅದರಿಂದ ಸಾಲದೆ ಹೋದಾಗ, ಬೇರೆ ವೇಳೆ ಮೂರ್ಛೆ ಬಾರದ ಅನೇಕರಿಗೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕ್ಲೋಬಜಾಮ್ ಸೇವಿಸಲು ವೈದ್ಯರು ಹೇಳುತ್ತಾರೆ. ದೆವ್ವ, ಗಾಳಿ ಎಂದು ಹೆದರಿಸಿ ಮಕ್ಕಳ ಶಾಲೆ ಬಿಡಿಸುವವರು ಇದನ್ನೊಮ್ಮೆ ಓದಿದರೆ ಒಳಿತು.

ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಬೆನ್ನಿಗೊಂದು ಸೆಳೆತ ಬಂದು ಪ್ರಾಣಕ್ಕೇ ಎರವಾಗಬಹುದು. ಸಾಮಾನ್ಯವಾಗಿ ಕನಿಷ್ಠ 2 ವರ್ಷ ಸೆಳೆತವಿಲ್ಲದಿದ್ದರೆ ವೈದ್ಯರು ನಿಲ್ಲಿಸುವ ವಿಚಾರ ಮಾಡುತ್ತಾರೆ. ಆಗಲೂ ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಕೆಲವು ಬಗೆಯ ಮೂರ್ಛೆಗೆ ಬಹುಕಾಲ, ಕೆಲವೊಮ್ಮೆ ಜೀವನಪರ್ಯಂತ ಔಷಧ ಬೇಕಾಗುತ್ತದೆ. ಉಪವಾಸದ ದಿನವೂ ನೀರಿನೊಡನೆ ಮಾತ್ರೆ ನುಂಗಲೇಬೇಕು. ನಿದ್ರೆಗೆಟ್ಟರೆ ಸೆಳೆತ ಕೆರಳುವುದರಿಂದ ಶಿವರಾತ್ರಿಯ ಜಾಗರಣೆಯಿಂದ, ಜಾತ್ರೆಯ ರಾತ್ರಿಯ ಎಚ್ಚರದಿಂದ ರೋಗಿಗೆ ವಿನಾಯಿತಿ ಇರಲಿ. ಮನೆಯ ಹಿರಿಯರೇ ಮುಂದಾಗಿ ಹೇಳಿದರೆ ರೋಗಿಗೆ ಸಂಕೋಚವಿರದು. ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದೊಡನೆ ಸೇವಿಸಬಹುದು; ಮುಂದಿನ ಹೊತ್ತು ಸಮೀಪಿಸಿದ್ದರೆ ಎರಡನ್ನೂ ಕೂಡಿಸಿ ನುಂಗಬಾರದು.

ಫೆನಿಟಾಯಿನ್ ಸೇವಿಸುವವರು ವಿಶೇಷವಾಗಿ ಜಾಗರೂಕರಾಗಿರಬೇಕು. ಒಂದು ಮಿತಿ ದಾಟಿದ ಮೇಲೆ ಪ್ರಮಾಣವನ್ನು ಸ್ವಲ್ಪವೇ ಏರಿಸಿದರೂ ರಕ್ತದಲ್ಲಿ ಅದರ ಮಟ್ಟ ಬಹಳ ಏರುತ್ತದೆ. ನಡಿಗೆ ತೂರಾಡುತ್ತದೆ, ಕಣ್ಣು ಅದುರುತ್ತದೆ. ಕಾರ್ಬಮಜೆಪೈನ್, ಲಾಮೋಟ್ರಿಜಿನ್, ಫೆನಿಟಾಯಿನ್ ಆರಂಭಿಸಿದ ಮೊದಲ ವಾರಗಳಲ್ಲಿ ಮೈಮೇಲೆ ಗಂದೆ, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಅಂದೇ ವೈದ್ಯರನ್ನು ಕಾಣಬೇಕು. ಲೆವೆಟಿರಾಸಿಟಾಮ್‌ನಿಂದ ಕೆಲವರಲ್ಲಿ ಸಿಡುಕು, ಖಿನ್ನತೆ ಮೂಡುವುದುಂಟು. ಅದನ್ನು ಸ್ವಭಾವದೋಷವೆಂದು ಗದರಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ವಾಲ್ಪ್ರೋಯೇಟ್ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಗರ್ಭಿಣಿಯು ಇದನ್ನು ಸೇವಿಸಿದರೆ ಹುಟ್ಟುವ 100 ಶಿಶುಗಳಲ್ಲಿ ಸುಮಾರು 10ಕ್ಕೆ ಅಂಗವೈಕಲ್ಯದ ಅಪಾಯವಿದೆ, ಬುದ್ಧಿಬೆಳವಣಿಗೆಗೂ ಹಾನಿಯಾಗಬಹುದು. ಆದ್ದರಿಂದ ಮದುವೆಯ ಮಾತುಕತೆಯ ಹೊತ್ತಿಗೇ ವೈದ್ಯರನ್ನು ಕಂಡು, ಔಷಧ ಬದಲಿಸಬಹುದೇ ಎಂದು ಕೇಳಬೇಕು. ರೋಗವನ್ನು ಬಚ್ಚಿಟ್ಟು ಮದುವೆ ಮಾಡಿದಾಗ ಸೊಸೆಯು ಅತ್ತೆಮನೆಯವರಿಗೆ ಹೆದರಿ ಮಾತ್ರೆಯನ್ನೇ ಬಿಟ್ಟುಬಿಡುವಳು. ಅಪಾಯ ಅಲ್ಲಿ ಇಮ್ಮಡಿಸುತ್ತದೆ. ಗರ್ಭ ನಿಂತಿತೆಂದು ತಿಳಿದು ತಾನಾಗಿ ಔಷಧ ನಿಲ್ಲಿಸುವುದೂ ತಪ್ಪು, ಏಕೆಂದರೆ ದೊಡ್ಡ ಸೆಳೆತವು ತಾಯಿ ಮಗು ಇಬ್ಬರಿಗೂ ಕೇಡು. ಫೆನಿಟಾಯಿನ್, ಕಾರ್ಬಮಜೆಪೈನ್, ಫಿನೋಬಾರ್ಬಿಟಾಲ್ ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಗ್ಗಿಸುತ್ತವೆ ಎಂಬುದೂ ತಿಳಿದಿರಲಿ.

ಸೆಳೆತ ಬಂದಾಗ ಬಾಯಿಗೆ ಮಾತ್ರೆ, ನೀರು, ಚಮಚ ಏನನ್ನೂ ಹಾಕಬಾರದು; ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ಮೆತ್ತನೆಯ ಬಟ್ಟೆಯಿಟ್ಟು, ಗಡಿಯಾರ ನೋಡಬೇಕು. 5 ನಿಮಿಷವಾದರೂ ನಿಲ್ಲದಿದ್ದರೆ, ವೈದ್ಯರು ಮೊದಲೇ ಬರೆದುಕೊಟ್ಟಿರುವ ಮಿಡಾಜೋಲಾಮ್ ಸಿಂಪಡಣೆಯನ್ನು ಮೂಗಿಗೆ ಹಾಕಿ, ಆಂಬ್ಯುಲೆನ್ಸಿಗಾಗಿ 108ಕ್ಕೆ ಕರೆ ಮಾಡಬೇಕು.