ಹಾರಬಲ್ಲವರಿಗೂ ಗೋಡೆ ಕಟ್ಟಿದ ಊರು

ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದಲ್ಲಿ ಪ್ಯಾರಾಗನ್ ಸಿಟಿ ಎಂಬ ಊರಿದೆ. ನಕಾಶೆಯಲ್ಲಿ ಹುಡುಕಿದರೆ ಸಿಗದು. ಅದಿರುವುದು ‘ಸಿಟಿ ಆಫ್ ಹೀರೋಸ್’ ಎಂಬ ಆನ್‌ಲೈನ್ ಗೇಮಿನೊಳಗೆ. ಅಲ್ಲಿನ ಬಡಾವಣೆಗಳ ನಡುವೆ ಮುಗಿಲೆತ್ತರಕ್ಕೆ ಮಿನುಗುವ ಶಕ್ತಿಯ ಗೋಡೆಗಳು. ಆಕಾಶದಲ್ಲಿ ಹಾರುವ ಸೂಪರ್‌ಹೀರೊ ಕೂಡ ಅವನ್ನು ದಾಟುವಂತಿಲ್ಲ, ಕೆಳಗಿಳಿದು ಬಾಗಿಲಲ್ಲೇ ಹೋಗಬೇಕು. 2004ರಲ್ಲಿ ಆಟ ಬಂದಾಗ ಇಷ್ಟು ದೊಡ್ಡ ಊರನ್ನು ತುಂಡು ತುಂಡಾಗಿಯೇ ತೋರಿಸಬೇಕಿತ್ತು. ಆ ತೊಡಕನ್ನು ಕ್ರಿಪ್ಟಿಕ್ ಸ್ಟುಡಿಯೋಸ್‌ನ ಬರಹಗಾರರು ಮುಚ್ಚಿಡಲಿಲ್ಲ, ಅದಕ್ಕೊಂದು ಚರಿತ್ರೆ ಬರೆದರು. 2002ರ ಮೇ 23ರಂದು ರಿಕ್ಟಿಗಳೆಂಬ ಅನ್ಯಲೋಕದವರು ದಂಡೆತ್ತಿ ಬಂದರು. ಊರು ಹಾಳಾಯಿತು, ನೂರಾರು ವೀರರು ಸತ್ತರು. ಉಳಿದ ಬಡಾವಣೆಗಳನ್ನು ಕಾಯಲು ಈ ಗೋಡೆಗಳು ಎದ್ದವು. ಅಷ್ಟಾದ ಮೇಲೆ ಆಟಗಾರನಿಗೆ ಗೋಡೆ ಅಡ್ಡಿಯೆನಿಸುವುದಿಲ್ಲ, ಯುದ್ಧದ ಗುರುತಾಗಿ ಕಾಣುತ್ತದೆ.

ಸೂಪರ್‌ಹೀರೊ ಜಗತ್ತು ಕಟ್ಟುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು. ಯಾರಿಗೆ ಎಂಥ ಶಕ್ತಿ ಕೊಡಬೇಕೆಂದು ಪಟ್ಟಿ ಮಾಡುವುದು ಸುಲಭ. ಆ ಶಕ್ತಿ ಎಲ್ಲಿಗೆ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂಬುದಕ್ಕೆ ಊರೇ ಉತ್ತರ ಹೇಳುವಂತೆ ಮಾಡುವುದು ಕಷ್ಟ. ಈ ಆಟದಲ್ಲಿ ಸೋತ ವೀರ ಸಾಯುವುದಿಲ್ಲ. ಬಿದ್ದ ಕೂಡಲೇ ಯಂತ್ರವೊಂದು ಅವನನ್ನು ಆಸ್ಪತ್ರೆಗೆ ಸಾಗಿಸುತ್ತದೆ. ಹಾಗಾಗಿ ಊರಿಗೆ ಆಸ್ಪತ್ರೆಗಳು ಬೇಕು, ಇವೆ ಕೂಡ. ಫಾಲ್ಟ್‌ಲೈನ್ ಎಂಬ ಜಾಗದಲ್ಲಿ ನೆಲ ಬಿರಿದು ಕಟ್ಟಡಗಳು ವಾಲಿ ನಿಂತಿವೆ. ಭೂಮಿ ನಡುಗಿಸುವ ಶಕ್ತಿಯಿದ್ದ ಖಳನೊಬ್ಬನ ಕೆಲಸ ಅದು, ಜಾಗಕ್ಕೆ ಅವನದೇ ಹೆಸರು.

ಪಾತ್ರಗಳ ವಿಚಾರಕ್ಕೆ ಬರೋಣ. ಶಕ್ತಿ ಎಲ್ಲಿಂದ ಬಂತು ಎಂಬುದಕ್ಕೆ ಐದು ಮೂಲಗಳು: ಸ್ವಂತ ಸಾಧನೆ, ಮಾಯೆ, ವಿಜ್ಞಾನ, ಹುಟ್ಟಿನ ರೂಪಾಂತರ, ತಂತ್ರಜ್ಞಾನ. ಮೊದಲಿಗಿದ್ದ ಬಗೆಗಳೂ ಐದು. ಬ್ಲಾಸ್ಟರ್ ದೂರದಿಂದಲೇ ಸುಟ್ಟುಹಾಕುತ್ತಾನೆ, ಆದರೆ ನಾಲ್ಕು ಪೆಟ್ಟು ತಡೆಯುವ ಮೈಯಲ್ಲ. ಟ್ಯಾಂಕರ್ ಎಲ್ಲರ ಪೆಟ್ಟನ್ನೂ ತಾನೇ ತಿನ್ನುತ್ತಾನೆ. ಸ್ಕ್ರ್ಯಾಪರ್ ಕೈಕೈ ಮಿಲಾಯಿಸುವವನು, ಕಂಟ್ರೋಲರ್ ಶತ್ರುವನ್ನು ನಿಂತಲ್ಲೇ ಕಟ್ಟಿಹಾಕುವವನು, ಡಿಫೆಂಡರ್ ಜೊತೆಯವರನ್ನು ಕಾಯುವವನು. ಒಬ್ಬನ ಕೊರತೆಯಲ್ಲಿ ಇನ್ನೊಬ್ಬನಿಗೆ ಕೆಲಸ ಹುಟ್ಟುತ್ತದೆ.

ಓಡಾಟದ ಶಕ್ತಿಗಳಲ್ಲಿ ಈ ಲೆಕ್ಕಾಚಾರ ಇನ್ನೂ ಸ್ಪಷ್ಟ. ಹಾರುವವನಿಗೆ ಅಪಾಯ ಕಡಿಮೆ, ವೇಗವೂ ಕಡಿಮೆ. ಓಟಗಾರ ಗಾಳಿಯಂತೆ ನುಗ್ಗುತ್ತಾನೆ, ಎದುರಿಗೆ ಕಟ್ಟಡ ಬಂದರೆ ಸುತ್ತು ಹಾಕಲೇಬೇಕು. ಜಿಗಿಯುವವನು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾನೆ, ಆದರೆ ಗಾಳಿಯಲ್ಲಿ ನಿಲ್ಲಲಾರ. ಮಾಯವಾಗಿ ಮತ್ತೊಂದೆಡೆ ಪ್ರತ್ಯಕ್ಷವಾಗುವವನು ಪ್ರತಿ ನೆಗೆತಕ್ಕೂ ಗುರಿ ನೋಡಿ ಒತ್ತಬೇಕು, ತ್ರಾಣ ಸರಸರನೆ ಇಳಿಯುತ್ತದೆ. ಆರಂಭದ ದಿನಗಳಲ್ಲಿ ಇವು 14ನೇ ಲೆವೆಲ್ ಮುಟ್ಟಿದ ಮೇಲಷ್ಟೇ ಸಿಗುತ್ತಿದ್ದವು. ಅಲ್ಲಿಯವರೆಗೆ ಬೀದಿಬೀದಿ ಅಲೆದವನಿಗೆ ಮೊದಲ ಹಾರಾಟದ ಬೆಲೆ ಗೊತ್ತಾಗುತ್ತಿತ್ತು.

ಬ್ಲಾಸ್ಟರ್‌ಗಳಿಗಿದ್ದ ‘ನೋವಾ’ ಎಂಬ ಶಕ್ತಿಯನ್ನು ಇಲ್ಲಿ ನೆನೆಯಲೇಬೇಕು. ಸುತ್ತ ನೆರೆದ ಶತ್ರುಗಳನ್ನೆಲ್ಲ ಒಂದೇ ಏಟಿಗೆ ಉರುಳಿಸುವ ಸ್ಫೋಟ ಅದು. ಹಳೆಯ ಆಟದಲ್ಲಿ ಅದನ್ನು ಬಳಸಿದವನ ತ್ರಾಣ ಸೊನ್ನೆಗಿಳಿದು, ಕೆಲಹೊತ್ತು ಮರಳಿ ಏರುತ್ತಲೂ ಇರಲಿಲ್ಲ. ಶತ್ರುಗಳಲ್ಲಿ ಒಬ್ಬ ಉಳಿದರೂ ಕಥೆ ಮುಗಿಯಿತು. ಇಂದ್ರ ಕೊಟ್ಟ ಶಕ್ತ್ಯಾಯುಧವನ್ನು ಕರ್ಣ ಅರ್ಜುನನಿಗೆಂದು ಕಾಯ್ದಿಟ್ಟು, ಕೊನೆಗೆ ಘಟೋತ್ಕಚನ ಮೇಲೆ ಬಿಡಬೇಕಾದ ಸಂಕಟವೇ ಇದು. ಈಗಿನ ಆವೃತ್ತಿಯಲ್ಲಿ ಆ ದಂಡ ಇಲ್ಲ. ಆಡಲು ಸಲೀಸಾಯಿತು, ನಿಜ. ನನಗೆ ಮಾತ್ರ ಹಳೆಯ ನೋವಾ ಹೆಚ್ಚು ದೊಡ್ಡ ಶಕ್ತಿಯಾಗಿ ಕಾಣುತ್ತದೆ.

ವೇಷ, ಹೆಸರು, ಹಿನ್ನೆಲೆಯ ಕಥೆ ಎಲ್ಲ ಆಟಗಾರರ ಕೈಯಲ್ಲೇ ಇದ್ದುದರಿಂದ ಜಗಳವೂ ಬಂತು. ತನ್ನ ಹಲ್ಕ್, ವುಲ್ವರಿನ್‌ರನ್ನು ಹೋಲುವ ಪಾತ್ರಗಳನ್ನು ಇಲ್ಲಿ ಮಾಡಬಹುದೆಂದು ಮಾರ್ವೆಲ್ 2004ರ ನವೆಂಬರ್‌ನಲ್ಲಿ ಮೊಕದ್ದಮೆ ಹೂಡಿತು. ಸಾಕ್ಷಿಯಾಗಿ ಕೊಟ್ಟ ಕೆಲವು ಪಾತ್ರಗಳನ್ನು ಮಾರ್ವೆಲ್ ಕಡೆಯವರೇ ತಯಾರಿಸಿದ್ದರು. ನ್ಯಾಯಾಲಯ ಅವನ್ನು ಕೈಬಿಟ್ಟಿತು. 2005ರ ಡಿಸೆಂಬರ್‌ನಲ್ಲಿ ರಾಜಿಯಾಯಿತು. 2009ರಲ್ಲಿ ಆಟಗಾರರಿಗೆ ತಮ್ಮದೇ ಕಥೆಗಳನ್ನು ಬರೆದು ಆಡಿಸುವ ಸೌಲಭ್ಯವೂ ಬಂತು. ಅದನ್ನು ಬೇಗ ಲೆವೆಲ್ ಏರುವ ಅಡ್ಡದಾರಿ ಮಾಡಿಕೊಂಡವರಿದ್ದರು, ಊರಿನ ಚರಿತ್ರೆಯನ್ನು ಪ್ರೀತಿಯಿಂದ ಮುಂದುವರಿಸಿದವರೂ ಇದ್ದರು.

ಆ ಪ್ರೀತಿಯೇ ಮುಂದೆ ಊರನ್ನು ಉಳಿಸಿತು. 2012ರ ಆಗಸ್ಟ್ 31ರಂದು ದಕ್ಷಿಣ ಕೊರಿಯಾದ ಮಾಲೀಕ ಸಂಸ್ಥೆ ಎನ್‌ಸಿಸಾಫ್ಟ್ ಆಟ ನಿಲ್ಲಿಸುವುದಾಗಿ ಹೇಳಿತು. ಊರಿನ ಅಟ್ಲಾಸ್ ಪಾರ್ಕ್ ಬಡಾವಣೆಯಲ್ಲಿ ಸಾವಿರಾರು ಪಾತ್ರಗಳು ಪಂಜು ಹಿಡಿದು ನಿಂತವು. ಉಪಯೋಗವಾಗಲಿಲ್ಲ, ನವೆಂಬರ್ 30ಕ್ಕೆ ಸರ್ವರ್‌ಗಳು ಆರಿದವು. ಕೆಲವರು ‘ಸಿಟಿ ಆಫ್ ಟೈಟನ್ಸ್’ ಎಂಬ ಹೊಸ ಊರನ್ನೇ ಕಟ್ಟಲು ಹೊರಟು, 2013ರಲ್ಲಿ ಜನರಿಂದ 6 ಲಕ್ಷ ಡಾಲರ್‌ಗೂ ಹೆಚ್ಚು ಒಟ್ಟುಮಾಡಿದರು. ಇನ್ನೊಂದು ಸಣ್ಣ ಗುಂಪು ಹಳೆಯ ಆಟವನ್ನೇ ಗುಟ್ಟಾಗಿ ನಡೆಸುತ್ತಿತ್ತು. 2019ರ ಏಪ್ರಿಲ್‌ನಲ್ಲಿ ಗುಟ್ಟು ರಟ್ಟಾದಾಗ ಹೊರಗುಳಿದವರಿಗೆ ಕೆಂಡದಂಥ ಸಿಟ್ಟು. ವರ್ಷಗಟ್ಟಲೆ ಶೋಕಿಸಿದವರ ಸಿಟ್ಟು ಅದು, ನ್ಯಾಯವಾದದ್ದೇ. ಕೊನೆಗೆ ಕೋಡ್ ಎಲ್ಲರಿಗೂ ಸಿಕ್ಕಿತು, ‘ಹೋಮ್‌ಕಮಿಂಗ್’ ಎಂಬ ಅಭಿಮಾನಿಗಳ ಸರ್ವರ್ ಎದ್ದಿತು. ಅಲ್ಲಿ ಆಟ ಉಚಿತ, ಖರ್ಚಿಗೆ ದೇಣಿಗೆ. 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅದಕ್ಕೆ ಅಧಿಕೃತ ಪರವಾನಗಿಯನ್ನೂ ಕೊಟ್ಟಿತು.

ಕಂಪನಿಯ ಲಗಾಮಿಲ್ಲದಾಗ ಅಭಿಮಾನಿಗಳು ಏನನ್ನು ಸೃಷ್ಟಿಸುತ್ತಾರೆ? ಎಲ್ಲರನ್ನೂ ಸೋಲಿಸುವ ಅಜೇಯನನ್ನು ಎಂದು ಊಹಿಸುವವರು ಹೋಮ್‌ಕಮಿಂಗ್ ತಂಡ ಸೇರಿಸಿದ ‘ಎಲೆಕ್ಟ್ರಿಕಲ್ ಅಫಿನಿಟಿ’ಯನ್ನು ನೋಡಬೇಕು. ಇದು ಮುಖ್ಯವಾಗಿ ಜೊತೆಯವರಿಗೆ ನೆರವಾಗುವ ಶಕ್ತಿ. ಒಬ್ಬ ಗೆಳೆಯನ ಮೇಲೆ ಬಿಟ್ಟ ಮಿಂಚು ಅವನಿಂದ ಪಕ್ಕದವನಿಗೆ, ಅಲ್ಲಿಂದ ಮತ್ತೊಬ್ಬನಿಗೆ ಜಿಗಿಯುತ್ತ ಗಾಯ ಮಾಯಿಸುತ್ತದೆ. ಬಳಸುತ್ತ ಹೋದಂತೆ ವಿದ್ಯುತ್ತು ಶೇಖರವಾಗಿ ಮಿಂಚು ಇನ್ನಷ್ಟು ಜನರನ್ನು ಮುಟ್ಟುತ್ತದೆ. ಸುಮ್ಮನಿದ್ದರೆ ಶೇಖರ ಕರಗುತ್ತದೆ. ಟೀಮು ಚದುರಿದರೆ ಜಿಗಿಯಲು ಮಿಂಚಿಗೆ ಆಸರೆಯಿಲ್ಲ. ಆ ಊರಿಗೆ ಹೊಸದಾಗಿ ಕಾಲಿಡುವವರು ಡಿಫೆಂಡರ್ ಆಗಿ, ಇದನ್ನೇ ಆರಿಸಿಕೊಂಡು, ನಾಲ್ಕು ಜನ ಗೆಳೆಯರ ಜೊತೆ ಶುರುಮಾಡಲಿ ಎಂಬುದು ನನ್ನ ಸಲಹೆ.