ಹಲ್ಲಿನ ಪಾಚಿಗೆ ಬೆಳಕಿನ ಚಿಕಿತ್ಸೆ: ನೆರವಿನ ಹಣ ಮೊದಲು ಯಾವುದಕ್ಕೆ?



ವೈದ್ಯಕೀಯ ನೆರವು ಕೋರಿ ಬರುವ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಪಾಲಿನ ಕೆಲಸ. ಈಚೆಗೆ ಒಂದರಲ್ಲಿ ‘ವಸಡಿಗೆ ಬೆಳಕಿನ ಚಿಕಿತ್ಸೆ’ ಎಂದಿತ್ತು. ಬ್ಯಾಂಕಿನಲ್ಲಿದ್ದಾಗ ಸಾಲ ಯಾತಕ್ಕೆಂದು ತಿಳಿಯದೆ ನಾನು ಸಹಿ ಹಾಕಿದವನಲ್ಲ. ಆದ್ದರಿಂದ ಓದಿ, ಕೇಳಿ ತಿಳಿದದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಹಲ್ಲಿನ ಮೇಲೆ ದಿನವೂ ಕೂರುವ ಅಂಟು ಪದರವೇ ಪಾಚಿ, ಅಂದರೆ ಪ್ಲಾಕ್. ಅದರಲ್ಲಿ ಬ್ಯಾಕ್ಟೀರಿಯಾಗಳು ಗುಂಪುಗೂಡಿ ಸುತ್ತ ಲೋಳೆ ಕಟ್ಟಿಕೊಳ್ಳುವುದರಿಂದ ಔಷಧ ಸುಲಭವಾಗಿ ಒಳಗಿಳಿಯದು. ಹಾಗೇ ಬಿಟ್ಟರೆ ಜೊಲ್ಲಿನ ಖನಿಜಾಂಶ ಸೇರಿ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಅದೇ ಟಾರ್ಟರ್. ಮೊದಲು ವಸಡು ಊದಿ ರಕ್ತ ಬರುತ್ತದೆ. ರೋಗ ಒಳಗಿಳಿದರೆ ಮೂಳೆ ಸವೆದು ಹಲ್ಲು ಅಲ್ಲಾಡುತ್ತದೆ. ಸಾಲದ ಬಡ್ಡಿಯಂತೆ, ತಡಮಾಡಿದಷ್ಟೂ ಹೊರೆ ಹೆಚ್ಚು.

ಬೆಳಕಿನ ಚಿಕಿತ್ಸೆಯಲ್ಲಿ ಮೆಥಿಲೀನ್ ಬ್ಲೂ ಅಥವಾ ಟೊಲುಯಿಡಿನ್ ಬ್ಲೂ ಎಂಬ ನೀಲಿ ಬಣ್ಣವನ್ನು ವಸಡಿನ ಸಂದಿಗೆ ಹಾಕುತ್ತಾರೆ. ಅದು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡ ಮೇಲೆ ಸುಮಾರು 630ರಿಂದ 670 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಬಿಡುತ್ತಾರೆ. ಬಣ್ಣ ಹೀರಿದ ಶಕ್ತಿ ಅಲ್ಲಿನ ಆಮ್ಲಜನಕಕ್ಕೆ ದಾಟುತ್ತದೆ. ಆ ಉಗ್ರ ಆಮ್ಲಜನಕ ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಹಾಳುಮಾಡುತ್ತದೆ. ಬಣ್ಣ ಮತ್ತು ಬೆಳಕು ಸೇರಿ ಸೂಕ್ಷ್ಮಜೀವಿಗಳನ್ನು ಕೊಲ್ಲುವುದನ್ನು 1900ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್ ತೋರಿಸಿದ್ದರು. ಪೆಟ್ಟು ಹಲವು ಕಡೆ ಬೀಳುವುದರಿಂದ, ಆಂಟಿಬಯಾಟಿಕ್‌ಗೆ ಒಗ್ಗಿಕೊಂಡಂತೆ ಬ್ಯಾಕ್ಟೀರಿಯಾಗಳು ಇದಕ್ಕೆ ಸುಲಭವಾಗಿ ಒಗ್ಗಿಕೊಳ್ಳವು.

ಆದರೆ ಬೆಳಕು ಟಾರ್ಟರ್ ಕರಗಿಸದು. ಅದನ್ನು ಸ್ಕೇಲಿಂಗ್ ಮಾಡಿಯೇ ತೆಗೆಯಬೇಕು. ಬೆಳಕಿನ ಚಿಕಿತ್ಸೆ ಸ್ಕೇಲಿಂಗ್‌ಗೆ ಜೊತೆ, ಬದಲಿಯಲ್ಲ. ಅದರಿಂದ ಸಿಗುವ ಹೆಚ್ಚುವರಿ ಲಾಭದ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಹಲ್ಲುಜ್ಜದಿದ್ದರೆ ಪಾಚಿ ಕೆಲವೇ ಗಂಟೆಗಳಲ್ಲಿ ಮತ್ತೆ ಕೂರತೊಡಗುತ್ತದೆ.

ಆದ್ದರಿಂದ ನನ್ನ ಸಲಹೆ: ನಮ್ಮ ನೆರವು ಮೊದಲು ತಪಾಸಣೆ ಮತ್ತು ಸ್ಕೇಲಿಂಗ್‌ಗೆ ಹೋಗಲಿ. ಬೆಳಕಿನ ಚಿಕಿತ್ಸೆ ಏಕೆ ಬೇಕೆಂದು ದಂತವೈದ್ಯರು ಬರೆದುಕೊಟ್ಟರೆ ಆಮೇಲೆ ನೋಡೋಣ. ತುರ್ಭೆಯಿಂದ ರೈಲಿನಲ್ಲಿ ಜುಯಿನಗರ ದಾಟಿದರೆ ನೆರೂಳ, ಅಲ್ಲಿ ಡಿ.ವೈ. ಪಾಟೀಲ್, ತೇರ್ಣಾ ದಂತ ಕಾಲೇಜುಗಳಿವೆ. ಮಾರುಕಟ್ಟೆಯಲ್ಲಿ ಮೂಟೆ ಹೊರುವ ನಮ್ಮವರಿಗೆ ಅರ್ಧ ದಿನದ ಕೂಲಿ ಬಿಡುವುದೂ ಕಷ್ಟ. ಹಲ್ಲು ಅಲ್ಲಾಡುವವರೆಗೆ ಅವರು ಕಾಯುವುದು ಅದಕ್ಕೇ. ಮಿಶ್ರಿ ಉಜ್ಜುವವರೂ ಸಕ್ಕರೆ ಕಾಯಿಲೆಯವರೂ ಮೊದಲು ತೋರಿಸಿಕೊಳ್ಳಲಿ.

ಒಬ್ಬರ ಸ್ಕೇಲಿಂಗ್‌ಗೆ ತಾವು ಕೊಡುವ ಹಣ ಅವರ ಹಲ್ಲನ್ನೇ ಉಳಿಸಬಹುದು. ದಯವಿಟ್ಟು ಕೈಜೋಡಿಸಿ.