ಬಿಡುವಿನ ವೇಳೆಯ ವಿದ್ಯೆ

ಬೇಗಂಪೇಟೆಯ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟದ ಗದ್ದಲ ಇಳಿದೊಡನೆ ಎಲ್ಲರ ಕೈಗೂ ಮೊಬೈಲು ಬರುತ್ತದೆ. ಆ ಬಿಡುವಿನಲ್ಲಿ ಜ್ಞಾನವನ್ನೂ ಸಂಪಾದಿಸಬಹುದು.

2025ರಲ್ಲಿ 14ನೆಯ ಲಿಯೋ ಅವರನ್ನು ಪೋಪರನ್ನಾಗಿ ಆರಿಸಿದ ಸಭೆಯಲ್ಲಿ ಹೈದರಾಬಾದಿನ ಆರ್ಚ್‌ಬಿಷಪ್ ಕಾರ್ಡಿನಲ್ ಆಂಥೋನಿ ಪೂಲಾ ಅವರೂ ಇದ್ದರು. ಪೋಪರ ಪರಂಪರೆಯನ್ನೂ ಪತ್ರಗಳನ್ನೂ ವ್ಯಾಟಿಕನ್ನಿನ ಜಾಲತಾಣದಲ್ಲಿ ಓದಬಹುದು.

ಸೈನಿಕರ ಚರಿತ್ರೆಯೂ ಹಾಗೆಯೇ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರು ಮೈಸೂರು, ಜೋಧಪುರದ ಅಶ್ವದಳದವರು. ಹೈದರಾಬಾದಿನ ಅಶ್ವದಳವೂ ಅದೇ ಬ್ರಿಗೇಡಿನದು. ಎರಡು ಮಹಾಯುದ್ಧಗಳಲ್ಲಿ ಮಡಿದ ಯೋಧರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಬಹುದು.

ಆದರೆ ಆ ಪಟ್ಟಿಯಲ್ಲಿ ಮಡಿದವರಷ್ಟೇ ಇದ್ದಾರೆ. ಬದುಕಿ ಮರಳಿದವರ ವೃತ್ತಾಂತ ಊರಿನ ಹಿರಿಯರ ನೆನಪಿನಲ್ಲಿದೆ. ರಜೆಗೆ ಹೋದಾಗ ಕೇಳಿ ಬರೆದುಕೊಳ್ಳಿರಿ. ಅವರು ಕಾಲವಾದ ಮೇಲೆ ಯಾವ ಜಾಲತಾಣವೂ ಅದನ್ನು ಹೇಳಲಾರದು.